ಮಾಳಿಗೆ ಮೇಲಿನ ಡಿಶ್, ಮುಗಿಲಿನ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಮಾಳಿಗೆ ಹತ್ತಿ ಸುತ್ತ ನೋಡಿದರೆ ಟಿ.ವಿ. ಡಿಶ್‌ಗಳೆಲ್ಲ ದಕ್ಷಿಣಕ್ಕೂ ಪೂರ್ವಕ್ಕೂ ನಡುವಿನ ಮೂಲೆಗೆ ಮುಖ ಮಾಡಿ ನಿಂತಿರುವುದು ಕಾಣುತ್ತದೆ. ಉತ್ತರಕ್ಕೆ ತಿರುಗಿದ ಡಿಶ್ ಹುಡುಕಿದರೂ ಸಿಗದು. ಟಿ.ವಿ. ಉಪಗ್ರಹಗಳು ಸಮಭಾಜಕ ವೃತ್ತದ ನೇರ ಮೇಲೆ, ನೆಲದಿಂದ 35,786 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಆ ಎತ್ತರದಲ್ಲಿ ಒಂದು ಸುತ್ತಿಗೆ ತಗಲುವ ಕಾಲವೂ ಭೂಮಿ ತನ್ನ ಸುತ್ತ ತಾನು ತಿರುಗುವ ಕಾಲವೂ ಒಂದೇ ಆದ್ದರಿಂದ, ನೆಲದಿಂದ ನೋಡುವವರಿಗೆ ಉಪಗ್ರಹ ಕದಲದೆ ನಿಂತಂತೆ. ಈ ಊರುಗಳಿರುವುದು ಸಮಭಾಜಕದಿಂದ ಉತ್ತರಕ್ಕೆ ಹದಿನಾಲ್ಕೂವರೆ ಡಿಗ್ರಿಯ ಆಸುಪಾಸಿನಲ್ಲಿ. ಹೀಗಾಗಿ ಇಲ್ಲಿಂದ ನೋಡಿದರೆ ಈ ಉಪಗ್ರಹಗಳೆಲ್ಲ ದಕ್ಷಿಣದ ಆಕಾಶದಲ್ಲೇ ಇರಬೇಕು.

ಇನ್ನಷ್ಟು ಗಮನಿಸಿದರೆ ಎಲ್ಲ ಡಿಶ್‌ಗಳೂ ಒಂದೇ ಬಿಂದುವನ್ನು ನೋಡುತ್ತಿಲ್ಲ ಎಂಬುದು ತಿಳಿಯುತ್ತದೆ. ಮನೆಯ ಡಿಶ್‌ಗೆ ನೇರವಾಗಿ ಟಿ.ವಿ. ಕಳಿಸುವ (ಡಿಟಿಎಚ್) ಕಂಪನಿಗಳಲ್ಲಿ ಟಾಟಾ ಪ್ಲೇಯ ಉಪಗ್ರಹಗಳು 83 ಡಿಗ್ರಿ ಪೂರ್ವ ರೇಖಾಂಶದ ಮೇಲಿವೆ. ಚಳ್ಳಕೆರೆ ಇರುವುದು ಸುಮಾರು 76.65 ಡಿಗ್ರಿಯಲ್ಲಿ. ಲೆಕ್ಕ ಹಾಕಿದರೆ ಆ ಡಿಶ್ ನೇರ ದಕ್ಷಿಣದಿಂದ 24 ಡಿಗ್ರಿ ಪೂರ್ವಕ್ಕೆ ತಿರುಗಬೇಕು, 72 ಡಿಗ್ರಿ ಮೇಲಕ್ಕೆ ನೋಡಬೇಕು. ಸನ್ ಡೈರೆಕ್ಟ್ ಮತ್ತು ದೂರದರ್ಶನದ ಫ್ರೀ ಡಿಶ್ ಎರಡೂ ಬರುವುದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. ಅದಕ್ಕೆ ದಕ್ಷಿಣದಿಂದ 51 ಡಿಗ್ರಿ ತಿರುವು, 64 ಡಿಗ್ರಿ ಎತ್ತರ. ಏರ್‌ಟೆಲ್ ನೆಚ್ಚಿರುವ ಎಸ್‌ಇಎಸ್-7 ಇನ್ನೂ ಪೂರ್ವದಲ್ಲಿ, 108.2 ಡಿಗ್ರಿಯಲ್ಲಿದೆ, ತಿರುವು 68 ಡಿಗ್ರಿ, ಎತ್ತರ 50. ಬೀದಿಯಲ್ಲಿ ನಿಂತು ಡಿಶ್ ನೋಡಿಯೇ ಯಾರ ಮನೆಯಲ್ಲಿ ಯಾವ ಕಂಪನಿಯ ಕನೆಕ್ಷನ್ ಇದೆ ಎಂದು ಹೇಳುವ ಮೆಕ್ಯಾನಿಕ್‌ಗಳ ಜಾಣ್ಮೆಯ ಹಿಂದಿರುವುದು ಈ ಕೋನಗಳೇ.

64 ಡಿಗ್ರಿ ಎಂದರೆ ಬಹುತೇಕ ನೆತ್ತಿಯ ಹತ್ತಿರ. ಆದರೆ ಮಾಳಿಗೆಯ ಡಿಶ್ ಅಷ್ಟು ಅಂಗಾತ ಮಲಗಿರುವುದಿಲ್ಲ. ಮನೆಗಳ ಡಿಶ್ ಒಂದು ದೊಡ್ಡ ಬೋಗುಣಿಯ ಓರೆಯ ಭಾಗವನ್ನು ಕತ್ತರಿಸಿ ಮಾಡಿದಂಥದ್ದು. ಅಲೆಗಳು ಮೇಲಿನಿಂದ ಓರೆಯಾಗಿ ಬಿದ್ದು ಕೆಳಗಿನ ಕಂಬಿಯ ತುದಿಯಲ್ಲಿರುವ, ಅಲೆ ಹಿಡಿಯುವ ಎಲ್‌ಎನ್‌ಬಿ ಎಂಬ ಪುಟ್ಟ ಘಟಕದಲ್ಲಿ ಒಟ್ಟುಗೂಡುತ್ತವೆ. ಇದರಿಂದ ಎಲ್‌ಎನ್‌ಬಿಯ ನೆರಳು ಡಿಶ್‌ಗೆ ಬೀಳುವುದಿಲ್ಲ, ಮಳೆನೀರೂ ಅದರಲ್ಲಿ ನಿಲ್ಲುವುದಿಲ್ಲ. ಡಿಶ್‌ನ ನೋಟ ಅದರ ಮುಖಕ್ಕಿಂತ ಸುಮಾರು 24 ಡಿಗ್ರಿ ಮೇಲಕ್ಕಿರುತ್ತದೆ. ಎದುರಿನ ತೆಂಗಿನಮರ ಅಡ್ಡ ಬರುತ್ತದೆಂದು ಕಂಡರೂ ಸಿಗ್ನಲ್ ಚೆನ್ನಾಗಿ ಸಿಗುವುದು ಇದಕ್ಕೇ.

ಬಾಹ್ಯಾಕಾಶದ ಜತೆ ಚಳ್ಳಕೆರೆಯ ಹೆಸರು ಈಚೆಗೆ ಬೇರೆ ಕಾರಣಕ್ಕೆ ಸೇರಿಕೊಂಡಿದೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ವಾಹನ ಹೆಲಿಕಾಪ್ಟರ್‌ನಿಂದ ಬಿಡುಗಡೆಗೊಂಡು ತಾನಾಗಿ ಬಂದಿಳಿದದ್ದು ಈ ತಾಲ್ಲೂಕಿನ ಪರೀಕ್ಷಾ ನೆಲೆಯ ರನ್‌ವೇಯಲ್ಲಿ. ಟಿ.ವಿ. ವಿಷಯಕ್ಕೆ ಬಂದರೆ ಮುಖ್ಯವಾದದ್ದು ಹಾಸನ. 1982ರಿಂದ ಅಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರವು ಇನ್ಸ್ಯಾಟ್, ಜಿಸ್ಯಾಟ್ ಉಪಗ್ರಹಗಳನ್ನು ಕಾಯುತ್ತದೆ. ಸೂರ್ಯ ಚಂದ್ರರ ಸೆಳೆತದಿಂದ ಉಪಗ್ರಹ ನಿಧಾನವಾಗಿ ಜಾಗ ಬಿಡುತ್ತದೆ; ಆಗಾಗ ಪುಟ್ಟ ರಾಕೆಟ್‌ಗಳನ್ನು ಉರಿಸಿ ಅದನ್ನು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಆಚೀಚೆಯೊಳಗೆ ಹಿಡಿದಿಡಬೇಕು. ಆ ಎತ್ತರದಲ್ಲಿ ಇದು ಸುಮಾರು 147 ಕಿ.ಮೀ. ಅಗಲದ ಅಂಗಳ. ಅಲ್ಲಿಂದ ಎರಡಡಿ ಡಿಶ್‌ಗೆ ಬಂದು ಬೀಳುವ ಶಕ್ತಿ, ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್‌ನದು (ನೆಲದಿಂದ ಬಂದ ಸಿಗ್ನಲ್ ಹಿಡಿದು ಮತ್ತೆ ನೆಲಕ್ಕೆ ಕಳಿಸುವ ಘಟಕ), ಒಂದು ವ್ಯಾಟ್‌ನ ಲಕ್ಷ ಕೋಟಿ ಪಾಲಿನಲ್ಲಿ ಒಂದೆರಡು ಪಾಲು ಮಾತ್ರ. ಇಷ್ಟು ಸಣ್ಣ ಶಕ್ತಿಯಿಂದ ನೂರಾರು ಚಾನೆಲ್ ಹೇಗೆ ಹೊರಬರುತ್ತವೆ, ಅವುಗಳಲ್ಲಿ ಕೆಲವು ಏಕೆ ಕನ್ನಡಿಯಂತೆ, ಕೆಲವು ಏಕೆ ಕಲಸಿದಂತೆ ಕಾಣುತ್ತವೆ ಎಂಬುದೇ ಈ ಅಧ್ಯಾಯದ ವಿಷಯ.

ಮೂರು ಮೀಟರ್ ಜಾಲರಿಯಿಂದ ಎರಡಡಿ ಡಿಶ್‌ಗೆ

ಕರ್ನಾಟಕದ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬಂದದ್ದು 1975ರ ಆಗಸ್ಟ್ 1ರಂದು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. ಸೈಟ್ ಎಂಬ ಹೆಸರಿನ ಆ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಚಿತ್ರದುರ್ಗ ಜಿಲ್ಲೆ ಆ ಪಟ್ಟಿಯಲ್ಲಿರಲಿಲ್ಲ. ಕೋಳಿಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್, ಊರಿಗೊಂದು ಸೆಟ್, ಸಂಜೆ ಶಾಲೆಯ ಮುಂದೆ ನೆರೆಯುತ್ತಿದ್ದ ಜನ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸುವ ಸೌಲಭ್ಯ ಆಗಲೇ ಇತ್ತು.

ಅಂದಿನ ಜಾಲರಿಯ ವಿಸ್ತೀರ್ಣ ಇಂದಿನ 60 ಸೆಂ.ಮೀ. ಡಿಶ್‌ನ 25 ಪಟ್ಟು. ಹಾಗಿದ್ದೂ ಇಂದಿನ ಪುಟ್ಟ ಡಿಶ್ ಅದಕ್ಕಿಂತ ಚೂಪಾಗಿ ನೋಡುತ್ತದೆ. ಡಿಶ್ ಎಷ್ಟು ಚೂಪು ಎಂಬುದನ್ನು ನಿರ್ಧರಿಸುವುದು ಅದರ ಅಗಲದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಲೆಕ್ಕ. ಸೈಟ್ ಬಳಸಿದ್ದು 860 ಮೆಗಾಹರ್ಟ್ಸ್ ಅಲೆ. ಅದರ ಉದ್ದ ಸುಮಾರು 35 ಸೆಂ.ಮೀ., ಮೂರು ಮೀಟರಿಗೆ ಎಂಟೂವರೆ ಅಲೆ. ಇಂದಿನ ಡಿಟಿಎಚ್ ಬಳಸುವ ಕೆಯು ಬ್ಯಾಂಡ್ 12 ಗಿಗಾಹರ್ಟ್ಸ್ ಆಸುಪಾಸಿನದು; ಅಲೆಯ ಉದ್ದ ಎರಡೂವರೆ ಸೆಂ.ಮೀ., ಎರಡಡಿಗೆ 24 ಅಲೆ. ಅದರ ನೋಟ ಸುಮಾರು ಮೂರು ಡಿಗ್ರಿ ಅಗಲಕ್ಕೆ ಸೀಮಿತ. ಚೂಪು ಹೆಚ್ಚಾದಷ್ಟು ಪಕ್ಕದ ಉಪಗ್ರಹದ ಗದ್ದಲ ಕಡಿಮೆ. ಆದರೆ ಅದಕ್ಕೆ ತಕ್ಕ ನಾಜೂಕೂ ಇದೆ. 35 ಸೆಂ.ಮೀ. ಅಲೆಗೆ ಜಾಲರಿಯ ತೂತು ಲೆಕ್ಕಕ್ಕೇ ಬರುತ್ತಿರಲಿಲ್ಲ, ಎರಡೂವರೆ ಸೆಂ.ಮೀ. ಅಲೆಗೆ ಡಿಶ್‌ನ ಮೇಲಿನ ಸಣ್ಣ ತಗ್ಗೂ ದೋಷವೇ.

ಈ ನಾಜೂಕು ಎಷ್ಟೆಂಬುದು 2010ರ ಜುಲೈಯಲ್ಲಿ ಗೊತ್ತಾಯಿತು. ಆಗ 93.5 ಡಿಗ್ರಿಯಲ್ಲಿದ್ದ ಇನ್ಸ್ಯಾಟ್-4ಬಿ ಉಪಗ್ರಹದ ಸೌರಫಲಕದ ವಿದ್ಯುತ್ ವ್ಯವಸ್ಥೆ ಕೆಟ್ಟು, ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಬೇಕಾಯಿತು. ಅದನ್ನೇ ನಂಬಿದ್ದ ಸನ್ ಡೈರೆಕ್ಟ್ ಆಗ 91.5 ಡಿಗ್ರಿಯ ಮೀಸ್ಯಾಟ್-3ಕ್ಕೆ ಸ್ಥಳಾಂತರಗೊಂಡಿತು. ರೇಖಾಂಶದಲ್ಲಿ ಎರಡೇ ಡಿಗ್ರಿ ದೂರ. ಆದರೂ ಹಳೆಯ ದಿಕ್ಕಿನಲ್ಲೇ ನಿಂತ ಡಿಶ್‌ನ ಮೂರು ಡಿಗ್ರಿ ನೋಟದ ಅಂಚಿನಿಂದ ಆಚೆ. ದಕ್ಷಿಣ ಭಾರತದ ಮಾಳಿಗೆಗಳ ಮೇಲೆ ಮೆಕ್ಯಾನಿಕ್‌ಗಳು ಮತ್ತೆ ಹತ್ತಬೇಕಾಯಿತು.

ಡಿಶ್ ತಿರುಗಿಸಿದರೆ ಚಿತ್ರ ಚೆನ್ನಾಗುವುದೇ?

ಕಂಬದ ಮೇಲೆ ಆಂಟೆನಾ ಕಟ್ಟಿ ದೂರದರ್ಶನ ನೋಡಿದ ತಲೆಮಾರಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಒಬ್ಬರು ಮೇಲೆ ಆಂಟೆನಾ ತಿರುಗಿಸುತ್ತ, ಒಳಗಿದ್ದವರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು" ಎಂದು ಕೂಗುತ್ತಿದ್ದ ಕಾಲವದು. ಅನಲಾಗ್ ಸಿಗ್ನಲ್ ದುರ್ಬಲವಾದಷ್ಟು ತೆರೆಯ ಮೇಲೆ ಕಾಳು ಕಾಳು ಬೀಳುತ್ತಿತ್ತು, ಬಲವಾದಷ್ಟು ಚಿತ್ರ ತಿಳಿಯಾಗುತ್ತಿತ್ತು. ಅದೇ ನಂಬಿಕೆಯಿಂದ ಇಂದಿಗೂ ಚಿತ್ರ ಮಸುಕಾಗಿದೆ ಎಂದು ಡಿಶ್ ಅಲುಗಿಸುವವರಿದ್ದಾರೆ.

ಡಿಜಿಟಲ್ ಸಿಗ್ನಲ್‌ಗೆ ಈ ನಂಟಿಲ್ಲ. ಮೇಲಿನಿಂದ ಬರುವುದು ಸೊನ್ನೆ ಮತ್ತು ಒಂದುಗಳ, ಅಂದರೆ ಬಿಟ್‌ಗಳ, ಸಾಲು. ಅದರ ಜತೆಗೇ, ದಾರಿಯಲ್ಲಿ ಕೆಲವು ಅಂಕಿ ಕೆಟ್ಟರೆ ತಿದ್ದಿಕೊಳ್ಳಲೆಂದು ಹೆಚ್ಚುವರಿ ಅಂಕಿಗಳನ್ನು ಸೇರಿಸಿರುತ್ತಾರೆ. ಸಿಗ್ನಲ್ ಒಂದು ಹೊಸ್ತಿಲಿಗಿಂತ ಮೇಲಿರುವ ತನಕ ಸೆಟ್‌ಟಾಪ್ ಬಾಕ್ಸ್ ಪ್ರತಿ ತಪ್ಪನ್ನೂ ತಿದ್ದಿ, ಪ್ರಸಾರ ಕೇಂದ್ರದಿಂದ ಹೊರಟ ಸಾಲನ್ನೇ ಅಕ್ಷರಶಃ ಕೈಗಿಡುತ್ತದೆ. ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ಶೇ 65 ಎಂದು ತೋರಿಸಲಿ, ಶೇ 95 ಎಂದು ತೋರಿಸಲಿ, ತೆರೆಯ ಮೇಲಿನ ಚಿತ್ರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ. ಹೊಸ್ತಿಲು ದಾಟಿ ಕೆಳಗಿಳಿದರೆ ಮಾತ್ರ ಚಿತ್ರ ಚೌಕ ಚೌಕವಾಗಿ ಒಡೆದು, ಕ್ಷಣದಲ್ಲಿ ನಿಂತು, ಕೊನೆಗೆ 'ಸಿಗ್ನಲ್ ಇಲ್ಲ' ಎಂಬ ಸಾಲು ಬರುತ್ತದೆ. ಹೆಚ್ಚಿನ ಸಿಗ್ನಲ್ ಮಳೆ ಬಂದಾಗ ತಡೆದುಕೊಳ್ಳಲು ಬೇಕಾದ ಮೀಸಲು. ಚಿತ್ರದ ಅಂದಕ್ಕೆ ಅದು ಏನನ್ನೂ ಸೇರಿಸದು. ಹಾಗಾದರೆ ಅಂದ ನಿರ್ಧಾರವಾಗುವುದೆಲ್ಲಿ? ಆಕಾಶಕ್ಕೆ ಹಾರುವ ಮೊದಲೇ, ಚಿತ್ರವನ್ನು ಬಿಟ್‌ಗಳಾಗಿ ಕುಗ್ಗಿಸುವ, ಕಂಪನಿಯ ಪ್ರಸಾರ ಕೇಂದ್ರದ ಎನ್‌ಕೋಡರ್ ಯಂತ್ರದಲ್ಲಿ.

ಹಾಸು, ಹೊಕ್ಕು ಮತ್ತು ಪಿಕ್ಸೆಲ್

ಇಲ್ಲಿ ಮೊಳಕಾಲ್ಮೂರಿನ ಮಗ್ಗವೇ ಒಳ್ಳೆಯ ಮೇಷ್ಟ್ರು. ರೇಷ್ಮೆ ಸೀರೆಯ ಸೆರಗಿನ ವಿನ್ಯಾಸವನ್ನು ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯುತ್ತಾರೆ. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಸೇರುವ ಒಂದೊಂದು ಜಾಗಕ್ಕೆ ಒಂದೊಂದು ಚೌಕ. ಜಕಾರ್ಡ್ ಕಾರ್ಡಿನಲ್ಲಿ ಆ ಚೌಕಕ್ಕೆ ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಟಿ.ವಿ. ತೆರೆಯ ಪಿಕ್ಸೆಲ್ ಇಂಥದೇ ಚೌಕ. ಎಳೆ ಸಣ್ಣಗಾಗಿ ಒತ್ತಾದಷ್ಟು ಹೂವಿನ ದಳದ ಅಂಚು ನುಣುಪು. ಸಾಧಾರಣ ಎಸ್‌ಡಿ ಚಿತ್ರದಲ್ಲಿ ಹೆಚ್ಚೆಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚೌಕ. ಎಚ್‌ಡಿಯಲ್ಲಿ 1920 ಮತ್ತು 1080. ಗುಣಿಸಿದರೆ ಎಸ್‌ಡಿಯದು 4,14,720, ಎಚ್‌ಡಿಯದು 20,73,600. ಸರಿಯಾಗಿ ಐದು ಪಟ್ಟು.

ಇಷ್ಟು ಚೌಕಗಳನ್ನು ಸೆಕೆಂಡಿಗೆ 25 ಬಾರಿ ಹೊಸದಾಗಿ ಕಳಿಸಬೇಕು. ಬಣ್ಣದ ವಿವರವನ್ನು ಕಣ್ಣು ಅಷ್ಟಾಗಿ ಹಿಡಿಯದೆಂದು ಅದನ್ನು ಮೊದಲೇ ತೆಳುಮಾಡಿದರೂ ಚೌಕಕ್ಕೆ 12 ಬಿಟ್ ಬೇಕು. ಒಟ್ಟು ಸೆಕೆಂಡಿಗೆ 62 ಕೋಟಿ ಬಿಟ್. ಮನೆಗೆ ಬರುವ ಎಚ್‌ಡಿ ಚಾನೆಲ್‌ಗೆ ಸಿಗುವುದು ಸಾಮಾನ್ಯವಾಗಿ ಅರವತ್ತರಿಂದ ಎಂಬತ್ತು ಲಕ್ಷ ಬಿಟ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಎಸೆದು ಒಂದೇ ಪಾಲು ಉಳಿಸಿಕೊಂಡದ್ದು ನಾವು ನೋಡುವ ಚಿತ್ರ.

ಎಸೆಯುವುದರಲ್ಲಿ ಉಪಾಯವಿದೆ. ಒಡಲ ತುಂಬ ಒಂದೇ ಬುಟ್ಟಾ ಇರುವ ಸೀರೆಗೆ ನೂರು ವಿನ್ಯಾಸ ಬರೆಯಬೇಕಿಲ್ಲ. ಒಂದನ್ನು ಬರೆದು 'ಇದನ್ನೇ ಮತ್ತೆ ಮತ್ತೆ' ಎಂದರಾಯಿತು. 2003ರಲ್ಲಿ ಬಂದ, ಎಂಪೆಗ್-4 ಎಂದು ನಮ್ಮಲ್ಲಿ ಕರೆಯುವ ಎಚ್.264 ವಿಧಾನ ಚಿತ್ರವನ್ನು 16ಕ್ಕೆ 16 ಪಿಕ್ಸೆಲ್‌ಗಳ ತುಂಡುಗಳಾಗಿ ಒಡೆದು, ಹಿಂದಿನ ಚಿತ್ರದಲ್ಲಿ ಅದೇ ತುಂಡು ಎಲ್ಲಿತ್ತು ಎಂದು ಹುಡುಕುತ್ತದೆ. ಸಿಕ್ಕರೆ ತುಂಡನ್ನು ಕಳಿಸದೆ, ಅದು ಎಷ್ಟು ಸರಿದಿದೆ ಎಂಬುದನ್ನಷ್ಟೇ ಕಳಿಸುತ್ತದೆ. ವಾರ್ತೆ ಓದುವವರ ಹಿಂದಿನ ಗೋಡೆ ಕದಲುವುದಿಲ್ಲ. ಅದಕ್ಕೆ ಬಿಟ್ ಖರ್ಚು ಬಹುತೇಕ ಸೊನ್ನೆ. ಉಳಿದ ವ್ಯತ್ಯಾಸದಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ವಿವರಗಳನ್ನು ಒರಟು ಲೆಕ್ಕಕ್ಕೆ ಇಳಿಸುತ್ತದೆ.

ಈ ಉಪಾಯ ಸೋಲುವುದು ಪ್ರತಿ ತುಂಡೂ ತನ್ನದೇ ದಿಕ್ಕಿಗೆ ಚಲಿಸಿದಾಗ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವ ನಡೆಯುತ್ತದೆ. ಲಕ್ಷಾಂತರ ತಲೆಗಳು, ಎತ್ತಿದ ಕೈಗಳು, ಧೂಳು, ಕೊಬ್ಬರಿ ಸುಡುವ ಬೆಂಕಿ, ಹೊಗೆ. ಇಂಥ ದೃಶ್ಯದಲ್ಲಿ ಹಿಂದಿನ ಚಿತ್ರದಿಂದ ಎರವಲು ಪಡೆಯುವುದು ಏನೂ ಇರುವುದಿಲ್ಲ. ಬಿಟ್ ಸಾಲದೆ ಎನ್‌ಕೋಡರ್ ವಿವರಗಳನ್ನು ಕೈಬಿಡುತ್ತದೆ. ಜನಸಮೂಹ ಕಲಸಿದ ಬಣ್ಣವಾಗುತ್ತದೆ. ಕ್ರಿಕೆಟ್‌ನಲ್ಲಿ ಚೆಂಡಿನ ಹಿಂದೆ ಕ್ಯಾಮೆರಾ ಓಡಿದಾಗ ಹುಲ್ಲು ಹಸಿರು ಪೇಸ್ಟ್‌ನಂತಾಗುವುದೂ, ರಿಯಾಲಿಟಿ ಷೋಗಳಲ್ಲಿ ಬಣ್ಣದ ಕಾಗದದ ಚೂರು ಸುರಿದ ಕ್ಷಣದಲ್ಲಿ ಗೆದ್ದವರ ಮುಖವೇ ಚೌಕ ಚೌಕವಾಗುವುದೂ ಇದೇ ಕಾರಣಕ್ಕೆ. ಒಂದು ಚಾನೆಲ್‌ಗೆ ಕಂಪನಿ ಎಷ್ಟು ಬಿಟ್ ಕೊಟ್ಟಿದೆ ಎಂದು ತಿಳಿಯಬೇಕಾದರೆ ಸ್ಟುಡಿಯೋ ಕಾರ್ಯಕ್ರಮ ನೋಡಬಾರದು, ಜಾತ್ರೆ ನೋಡಬೇಕು.

24 ಟ್ರಾನ್ಸ್‌ಪಾಂಡರ್, ಒಂದೇ ಗಂಟು

2015ರ ನವೆಂಬರ್‌ನಲ್ಲಿ ಏರಿಯಾನ್-5 ರಾಕೆಟ್ ಹೊತ್ತೊಯ್ದ ಜಿಸ್ಯಾಟ್-15ರಲ್ಲಿ ಇರುವುದು 24 ಕೆಯು ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳು. ಒಂದೊಂದರ ಅಗಲ 36 ಮೆಗಾಹರ್ಟ್ಸ್. 2022ರ ಜೂನ್‌ನಲ್ಲಿ ಹಾರಿದ, ಪೂರ್ತಿಯಾಗಿ ಟಾಟಾ ಪ್ಲೇ ಗುತ್ತಿಗೆ ಪಡೆದ ಜಿಸ್ಯಾಟ್-24ರಲ್ಲೂ ಅಷ್ಟೇ. ಒಂದು ಟ್ರಾನ್ಸ್‌ಪಾಂಡರ್ ಸೆಕೆಂಡಿಗೆ ಸುಮಾರು ಮೂರು ಕೋಟಿ ಸಂಕೇತಗಳನ್ನು ದಾಟಿಸಬಲ್ಲದು. ಉಪಗ್ರಹ ಪ್ರಸಾರದ ಡಿವಿಬಿ-ಎಸ್2 ಮಾನಕದಲ್ಲಿ ಪ್ರತಿ ಸಂಕೇತಕ್ಕೆ ಮೂರು ಬಿಟ್ ತುಂಬಿ, ಮೂರರಲ್ಲೊಂದು ಪಾಲನ್ನು ತಪ್ಪು ತಿದ್ದಲು ಮೀಸಲಿಟ್ಟರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಆರು ಕೋಟಿ ಬಿಟ್. ಈ ಗಂಟನ್ನು ಹೇಗೆ ಹಂಚಿದರೂ ಅದು ದೊಡ್ಡದಾಗದು. ಚಾನೆಲ್‌ಗೆ 80 ಲಕ್ಷ ಕೊಟ್ಟರೆ ಏಳು ಎಚ್‌ಡಿ ಚಾನೆಲ್. 60 ಲಕ್ಷಕ್ಕಿಳಿಸಿದರೆ ಹತ್ತು. ಎಲ್ಲವನ್ನೂ ಎಸ್‌ಡಿ ಮಾಡಿ 15ರಿಂದ 20 ಲಕ್ಷ ಕೊಟ್ಟರೆ ಮೂವತ್ತರಿಂದ ನಲವತ್ತು. ಜಾಹೀರಾತಿನಲ್ಲಿ ಚಾನೆಲ್‌ಗಳ ಸಂಖ್ಯೆ ಏರಿತೆಂದರೆ, ಹೊಸ ಉಪಗ್ರಹವಾಗಲಿ ಹೊಸ ಎನ್‌ಕೋಡರ್ ಆಗಲಿ ಬಂದಿರದಿದ್ದಲ್ಲಿ, ಇದ್ದ ಚಾನೆಲ್‌ಗಳ ಪಾಲಿನಿಂದ ಸ್ವಲ್ಪ ಸ್ವಲ್ಪ ಕಿತ್ತುಕೊಂಡಿದ್ದಾರೆ ಎಂದೇ ಅರ್ಥ.

ಹಂಚಿಕೆಯಲ್ಲಿ ಒಂದು ಜಾಣತನವಿದೆ. ಒಂದೇ ಟ್ರಾನ್ಸ್‌ಪಾಂಡರ್‌ನ ಚಾನೆಲ್‌ಗಳಿಗೆ ಸಮಪಾಲು ಕೊಡದೆ, ಆ ಕ್ಷಣದಲ್ಲಿ ಯಾರಿಗೆ ಬೇಕೋ ಅವರಿಗೆ ಹೆಚ್ಚು ಕೊಡುತ್ತಾರೆ. ಒಂದರಲ್ಲಿ ವಾರ್ತೆ, ಇನ್ನೊಂದರಲ್ಲಿ ಅಡುಗೆ, ಮತ್ತೊಂದರಲ್ಲಿ ಕ್ರಿಕೆಟ್ ಇದ್ದರೆ ಕ್ರಿಕೆಟ್‌ಗೆ ದೊಡ್ಡ ಪಾಲು. ಆದರೆ ಎಲ್ಲ ಚಾನೆಲ್‌ಗಳಲ್ಲೂ ಒಟ್ಟಿಗೆ ಆಟ, ಕುಣಿತ, ಹೊಡೆದಾಟ ಶುರುವಾದರೆ ಎಲ್ಲರಿಗೂ ಬರವೇ. ಭಾನುವಾರ ಸಂಜೆಯ ಚಿತ್ರ ಮಂಗಳವಾರ ಬೆಳಗಿನ ಚಿತ್ರಕ್ಕಿಂತ ಕಳಪೆ ಎನಿಸಿದರೆ ಅದು ಭ್ರಮೆಯಾಗಿರಬೇಕಿಲ್ಲ.

ಹಸ್ತ ಮಳೆ ಮತ್ತು ಹನ್ನೊಂದು ಗಂಟೆಯ ಸೂರ್ಯ

ಚಿತ್ರದ ಅಂದ, ಚಾನೆಲ್‌ಗಳ ಸಂಖ್ಯೆ — ಇವೆರಡರ ಎಳೆದಾಟಕ್ಕೆ ಮೂರನೆಯದಾಗಿ ಮಳೆ ಸೇರಿಕೊಳ್ಳುತ್ತದೆ. ಒಂದು ದಾರಿಯಲ್ಲಿ ಗದ್ದಲದ ನಡುವೆ ತಪ್ಪಿಲ್ಲದೆ ಎಷ್ಟು ಬಿಟ್ ದಾಟಿಸಬಹುದು ಎಂಬುದಕ್ಕೆ ಗಟ್ಟಿ ಮಿತಿ ಇದೆ ಎಂದು ಕ್ಲಾಡ್ ಶ್ಯಾನನ್ 1948ರಲ್ಲೇ ತೋರಿಸಿದ್ದರು. ಸಂಕೇತಕ್ಕೆ ಎರಡರ ಬದಲು ಮೂರು ಬಿಟ್ ತುಂಬಿದರೆ ಸಂಕೇತಗಳ ನಡುವಿನ ಅಂತರ ಕಿರಿದಾಗುತ್ತದೆ, ಅವುಗಳನ್ನು ಬೇರ್ಪಡಿಸಿ ಗುರುತಿಸಲು ಇನ್ನಷ್ಟು ತಿಳಿಯಾದ ಸಿಗ್ನಲ್ ಬೇಕಾಗುತ್ತದೆ. ಮೇಲೆ ಹೇಳಿದ ಆರು ಕೋಟಿ ಬಿಟ್‌ನ ಏರ್ಪಾಡಿಗೆ, ಎರಡು ಬಿಟ್ ತುಂಬಿ ನಾಲ್ಕೂವರೆ ಕೋಟಿ ಸಾಗಿಸುವ ಏರ್ಪಾಡಿಗಿಂತ ಸುಮಾರು 1.8 ಪಟ್ಟು ಬಲದ ಸಿಗ್ನಲ್ ಬೇಕು. ಅಂದರೆ ಗಂಟನ್ನು ಹಿಗ್ಗಿಸಿದಷ್ಟೂ ಮಳೆಗೆ ಇಟ್ಟ ಮೀಸಲು ಕರಗುತ್ತದೆ. ಕೆಲವು ಮನೆಗಳಲ್ಲಿ ಮೋಡ ಕಟ್ಟಿ ಸುರಿಯಲು ಶುರುವಾದಾಗ ಮೊದಲು ಎಚ್‌ಡಿ ಚಾನೆಲ್‌ಗಳು ಹೋಗಿ, ಎಸ್‌ಡಿ ಇನ್ನೂ ಸ್ವಲ್ಪ ಹೊತ್ತು ಉಳಿಯುವುದು ಅವು ಬೇರೆ ಬೇರೆ ಏರ್ಪಾಡಿನ ಟ್ರಾನ್ಸ್‌ಪಾಂಡರ್‌ಗಳಲ್ಲಿ ಇದ್ದಾಗ.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನವು. ಇಲ್ಲಿ ಮಳೆಗೆ ಚಾನೆಲ್ ಹೋಗುವ ಮಾತೇ ಬರಬಾರದಲ್ಲ ಎನಿಸಬಹುದು. ಆದರೆ ಉಪಗ್ರಹದ ಅಲೆಗೆ ವರ್ಷದ ಒಟ್ಟು ಮಳೆಯ ಲೆಕ್ಕ ಬೇಕಿಲ್ಲ, ಆ ಕ್ಷಣದ ರಭಸ ಮುಖ್ಯ. ಗಂಟೆಗೆ 50 ಮಿ.ಮೀ. ರಭಸದಲ್ಲಿ ಸುರಿಯುವ ಮಳೆಯೊಳಗೆ ಒಂದು ಕಿ.ಮೀ. ಸಾಗುವಷ್ಟರಲ್ಲಿ 12 ಗಿಗಾಹರ್ಟ್ಸ್ ಅಲೆ ಶೇ 40ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂಥ ಮೂರು ಕಿ.ಮೀ. ದಾಟಿದರೆ ಉಳಿಯುವುದು ಐದನೇ ಒಂದು ಪಾಲು. ಮಲೆನಾಡಿನಲ್ಲಿ ದಿನವಿಡೀ ಹಿಡಿದು ಹೊಯ್ಯುವ ಜಡಿಮಳೆಯಲ್ಲೂ ಟಿ.ವಿ. ನಡೆಯುತ್ತಿರಬಹುದು; ಇಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಗುಡುಗು ಮಿಂಚಿನ ಜತೆ ಅರ್ಧ ಗಂಟೆಯಲ್ಲಿ ಬಡಿದು ಹೋಗುವಾಗ ನಿಲ್ಲುತ್ತದೆ. ಶೇಂಗಾ ಹೊಲಕ್ಕಾಗಿ ಕಾದ ಮಳೆ ಬಂದ ಸಂಜೆಯೇ ಧಾರಾವಾಹಿ ತಪ್ಪುವುದು ಈ ಸೀಮೆಯ ವಾಡಿಕೆ. ಕೇಬಲ್ ಆಪರೇಟರ್ ದೊಡ್ಡ ಡಿಶ್‌ನಲ್ಲಿ ಹಿಡಿಯುವ ಸಿ ಬ್ಯಾಂಡ್ ಅಲೆ ಸುಮಾರು ಏಳೂವರೆ ಸೆಂ.ಮೀ. ಉದ್ದದ್ದು, ಮಳೆಹನಿ ಅದಕ್ಕೆ ಬಹುಪಾಲು ಅಡ್ಡಿಯಲ್ಲ. ಅದೇ ಸಂಜೆ ಪಕ್ಕದ ಕೇಬಲ್ ಮನೆಯಲ್ಲಿ, ಕರೆಂಟ್ ಇದ್ದರೆ, ಧಾರಾವಾಹಿ ನಡೆದಿರುತ್ತದೆ.

ಬಿಸಿಲೂ ವರ್ಷಕ್ಕೆ ಎರಡು ಸಲ ತೊಂದರೆ ಕೊಡುತ್ತದೆ. ಮಾರ್ಚ್ 14ರ ಆಸುಪಾಸಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಇಲ್ಲಿಂದ ನೋಡಿದರೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ಸೂರ್ಯನ ರೇಡಿಯೋ ಗದ್ದಲ ನೇರ ಡಿಶ್‌ನೊಳಗೆ ಬಿದ್ದು ಕೆಲವು ನಿಮಿಷ ಸಿಗ್ನಲ್ ಕುಗ್ಗಬಹುದು, ಕಡಿದೂ ಹೋಗಬಹುದು. 108.2 ಡಿಗ್ರಿಯ ಉಪಗ್ರಹಕ್ಕೆ ಈ ಹೊತ್ತು ಬೆಳಗ್ಗೆ 10ರ ಸುಮಾರು, 93.5ಕ್ಕೆ 11ರ ಸುಮಾರು, 83ಕ್ಕೆ ಮಧ್ಯಾಹ್ನ 12ರ ಸುಮಾರು. ಆಕಾಶ ಶುಭ್ರವಾಗಿದ್ದೂ ನಾಲ್ಕಾರು ದಿನ ಒಂದೇ ಹೊತ್ತಿಗೆ ಚಿತ್ರ ಒಡೆಯುತ್ತಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಕ್ಯಾಲೆಂಡರ್ ನೋಡುವುದು ಲೇಸು.

ಗಡಿಯ ಮನೆಯ ಚಾನೆಲ್ ಪಟ್ಟಿ

ಮೊಳಕಾಲ್ಮೂರಿನಿಂದ ಆಂಧ್ರದ ರಾಯದುರ್ಗ ಕೂಗಳತೆಯಲ್ಲಿದೆ. ಚಳ್ಳಕೆರೆಯ ಪರಶುರಾಂಪುರದ ಕಡೆಯೂ ಆಂಧ್ರದ ಗಡಿಯೇ. ಕನ್ನಡ, ತೆಲುಗು ಎರಡೂ ಮನೆಮಾತಾಗಿ ಹೆಣೆದುಕೊಂಡಿರುವ ಸೀಮೆ ಇದು. ಒಂದೇ ಮನೆಯಲ್ಲಿ ಜೀ ಕನ್ನಡವೂ ಬೇಕು, ತೆಲುಗಿನ ಜೆಮಿನಿಯೂ ಬೇಕು. ಹೀಗೆ ಎರಡು ಭಾಷೆಯ ಪ್ಯಾಕ್ ಹಾಕಿಸುವವರಿಗೆ ಎಚ್‌ಡಿ ಎಂಬುದು ಎರಡು ಸಲ ಕೇಳಬೇಕಾದ ಪ್ರಶ್ನೆ.

2019ರ ಫೆಬ್ರುವರಿಯಿಂದ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಚಾನೆಲ್‌ಗಳನ್ನು ಬಿಡಿಯಾಗಿ ಆರಿಸುವ ಹಕ್ಕು ಗ್ರಾಹಕರಿಗೆ ಸಿಕ್ಕಿತು. ಆಗ 130 ರೂಪಾಯಿ ಮತ್ತು ತೆರಿಗೆಗೆ ನೂರು ಎಸ್‌ಡಿ ಚಾನೆಲ್ ಎಂದಿತ್ತು. 2020ರಲ್ಲಿ ಅದು ಇನ್ನೂರಕ್ಕೆ ಏರಿತು. 2024ರಲ್ಲಿ ಈ ಶುಲ್ಕದ ಮೇಲಿನ ಮಿತಿಯನ್ನೇ ತೆಗೆದರು. 2019ರ ನಿಯಮದಲ್ಲಿ ಒಂದು ಎಚ್‌ಡಿ ಚಾನೆಲ್ ಎರಡು ಎಸ್‌ಡಿಗೆ ಸಮ ಎಂದು ಎಣಿಸಿದರು. ಪಿಕ್ಸೆಲ್‌ನಲ್ಲಿ ಐದು ಪಟ್ಟು, ಬಿಟ್‌ನಲ್ಲಿ ಮೂರು ನಾಲ್ಕು ಪಟ್ಟು, ಎಣಿಕೆಯಲ್ಲಿ ಎರಡೇ ಪಟ್ಟು. ಒಂದೇ ಚಾನೆಲ್‌ನ ಎಸ್‌ಡಿ, ಎಚ್‌ಡಿ ಎರಡನ್ನೂ ಒಂದೇ ಗುಚ್ಛಕ್ಕೆ ತುರುಕಬಾರದೆಂದೂ ನಿಯಮ ಹೇಳಿತು.

ಆದರೆ ಗ್ರಾಹಕ ಆರಿಸುವುದು ಬೀಗದ ಕೈಯನ್ನಷ್ಟೇ. ದುಡ್ಡು ಕೊಡದ ಚಾನೆಲ್‌ನ ಬಿಟ್‌ಗಳೂ ಹಗಲಿರುಳು ಅದೇ ಡಿಶ್ ಮೇಲೆ ಬೀಳುತ್ತಿರುತ್ತವೆ. ರೀಚಾರ್ಜ್ ಮಾಡಿದಾಗ ಬರುವುದು ಅವುಗಳ ಬೀಗ ತೆಗೆಯುವ ಸಂಕೇತ. ಡಿಟಿಎಚ್ ಉಪಗ್ರಹದ ಕಿರಣ ಇಡೀ ದೇಶಕ್ಕೆ ಹರಡುವಂಥದ್ದು. ಕಲರ್ಸ್ ಕನ್ನಡ ಎಚ್‌ಡಿಯ ಬಿಟ್‌ಗಳು ಚಳ್ಳಕೆರೆಯ ಮೇಲೆ ಬಿದ್ದಷ್ಟೇ ಬಿಹಾರದ ಮೇಲೂ ಬೀಳುತ್ತವೆ, ಅಲ್ಲಿ ಯಾರಿಗೂ ಬೇಡದಿದ್ದರೂ. ಒಂದು ರಾಜ್ಯದಲ್ಲಷ್ಟೇ ನೋಡುಗರಿರುವ ಭಾಷೆಯ ಚಾನೆಲ್‌ಗೂ ಆಕಾಶದಲ್ಲಿ ತಗಲುವ ಜಾಗ, ದೇಶವೆಲ್ಲ ನೋಡುವ ಹಿಂದಿ ಚಾನೆಲ್‌ಗೆ ತಗಲುವಷ್ಟೇ. ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗಳಿಗೆ ಎಚ್‌ಡಿ ಬಂದಷ್ಟು ಸುಲಭವಾಗಿ ಸಂಗೀತ, ಹಾಸ್ಯ, ಮಕ್ಕಳ ಚಾನೆಲ್‌ಗಳಿಗೆ ಬರದಿರುವುದರ ಹಿಂದೆ ಈ ಭೌತಿಕ ಲೆಕ್ಕವೂ ಇದೆ. ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಹೋಗುತ್ತದೆ. ಅಲ್ಲಿ ಬಹುಪಾಲು ಹಿಂದಿಯವೇ ಕಾಣುವುದೂ ಇದೇ ಲೆಕ್ಕದ ಇನ್ನೊಂದು ಮುಖ. ಧ್ವನಿ ಮಾತ್ರ ಅಗ್ಗ. ಚಿತ್ರಕ್ಕೆ ಎಪ್ಪತ್ತು ಲಕ್ಷ ಬಿಟ್ ಬೇಕಾದಲ್ಲಿ ಒಂದು ಭಾಷೆಯ ಧ್ವನಿಗೆ ಒಂದೆರಡು ಲಕ್ಷ ಸಾಕು. ಸೈಟ್ ಕಾಲದ 'ಒಂದು ಚಿತ್ರ, ಎರಡು ಧ್ವನಿ' ಉಪಾಯವನ್ನೇ ವನ್ಯಜೀವಿ, ಕ್ರೀಡೆಯಂಥ ಚಾನೆಲ್‌ಗಳಿಗೆ ಹಿಗ್ಗಿಸಿದರೆ ಕನ್ನಡಕ್ಕೆ ಕಡಿಮೆ ಖರ್ಚಿನಲ್ಲಿ ಎಚ್‌ಡಿ ಚಿತ್ರ ಸಿಗುತ್ತದೆ.

ಇನ್ನೊಂದು ಸೋರಿಕೆಯೂ ಇದೆ. ಒಂದೇ ಧಾರಾವಾಹಿಯನ್ನು ಎಸ್‌ಡಿ, ಎಚ್‌ಡಿ ಎರಡು ರೂಪದಲ್ಲೂ ಕಳಿಸಬೇಕು. ಹಳೆಯ ಎಸ್‌ಡಿ ಬಾಕ್ಸ್‌ಗಳು ಎಚ್‌ಡಿಯನ್ನು ಬಿಡಿಸಲಾರವು. ಹಳೆಯ ಬಾಕ್ಸ್‌ಗಳು ಮನೆಗಳಿಂದ ಹೊರಹೋಗುವ ತನಕ ಗಂಟಿನ ಒಂದು ದೊಡ್ಡ ಪಾಲು ಹೀಗೆ ಎರಡೆರಡು ಸಲ ಖರ್ಚಾಗುತ್ತಿರುತ್ತದೆ.

ಬಾಕ್ಸ್‌ನಿಂದ ಕಣ್ಣಿಗೆ

36 ಸಾವಿರ ಕಿ.ಮೀ. ಜತನವಾಗಿ ಬಂದ ಎಚ್‌ಡಿ ಕೊನೆಯ ಎರಡು ಅಡಿಯಲ್ಲಿ ಹಾಳಾಗುವುದುಂಟು. ಎಚ್‌ಡಿ ಬಾಕ್ಸನ್ನು ಹಳದಿ, ಬಿಳಿ, ಕೆಂಪು ತುದಿಯ ಎವಿ ವೈರಿನಿಂದ ಟಿ.ವಿ.ಗೆ ಜೋಡಿಸಿದರೆ ತೆರೆಗೆ ಬರುವುದು ಎಸ್‌ಡಿ ಚಿತ್ರವೇ, ಪ್ಯಾಕ್ ಯಾವುದೇ ಇರಲಿ. ಆ ವೈರಿಗೆ ಅದಕ್ಕಿಂತ ಹೆಚ್ಚಿನದನ್ನು ಹೊರುವ ತಾಕತ್ತಿಲ್ಲ. ಎಚ್‌ಡಿಎಂಐ ವೈರೇ ಬೇಕು.

ಟಿ.ವಿ.ಯ ಅಳತೆ, ಕೂರುವ ದೂರವೂ ಲೆಕ್ಕಕ್ಕೆ ಬರುತ್ತವೆ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಈ ಅಳತೆಯಲ್ಲಿ 32 ಇಂಚಿನ ತೆರೆಯ ಮೇಲೆ 1080 ಸಾಲುಗಳನ್ನು ಬಿಡಿಯಾಗಿ ಕಾಣಬೇಕಾದರೆ ನಾಲ್ಕಡಿ ದೂರದಲ್ಲಿ ಕೂರಬೇಕು. ಎಂಟಡಿ ದೂರದ ಮಂಚದಿಂದ ನೋಡುವವರಿಗೆ 576 ಸಾಲು ಸಾಕು. ಮೇಲಾಗಿ 32 ಇಂಚಿನ ಬಹಳಷ್ಟು ಟಿ.ವಿ.ಗಳಲ್ಲಿ ಇರುವುದೇ 1366ಕ್ಕೆ 768 ಪಿಕ್ಸೆಲ್, ಎಚ್‌ಡಿಯ ಅರ್ಧದಷ್ಟು. 43 ಇಂಚಿಗೆ ಹೋದರೆ ಲೆಕ್ಕ ಬದಲಾಗುತ್ತದೆ: ಅದೇ ಎಂಟಡಿಯಿಂದ ಎಸ್‌ಡಿಯ ಒರಟುತನ ಕಣ್ಣಿಗೆ ಹೊಡೆಯುತ್ತದೆ. ಸಣ್ಣ ಟಿ.ವಿ.ಯಲ್ಲೂ ಎಚ್‌ಡಿ ಚಾನೆಲ್ ಎದ್ದುಕಾಣುವಂತೆ ಚೆನ್ನಾಗಿದ್ದರೆ ಅದಕ್ಕೆ ಕಾರಣ ಹೆಚ್ಚಿನ ಪಿಕ್ಸೆಲ್ ಅಲ್ಲದೇ ಇರಬಹುದು; ಅದಕ್ಕೆ ಕೊಟ್ಟ ಹೆಚ್ಚಿನ ಬಿಟ್ ಇರಬಹುದು.

ಇಷ್ಟು ತಿಳಿದರೆ ದೋಷ ಎಲ್ಲಿದೆ ಎಂದು ತೆರೆಯನ್ನೇ ನೋಡಿ ಹೇಳಬಹುದು. ಚಿತ್ರ ತಡೆತಡೆದು ನಿಲ್ಲುತ್ತಿದ್ದರೆ ದೋಷ ಮಾಳಿಗೆಯಲ್ಲಿ: ಡಿಶ್ ಜರುಗಿದೆ, ಎಲ್‌ಎನ್‌ಬಿ ಹಳತಾಗಿದೆ, ವೈರಿನ ತುದಿಗೆ ನೀರು ಇಳಿದಿದೆ. ಎಲ್ಲ ಚಾನೆಲ್‌ಗಳೂ ಯಾವಾಗಲೂ ಮಂಕಾಗಿದ್ದರೆ ದೋಷ ಟಿ.ವಿ.ಯ ಹಿಂದಿನ ವೈರಿನಲ್ಲಿ. ಸ್ತಬ್ಧ ದೃಶ್ಯ ಚೆನ್ನಾಗಿದ್ದು, ಚಲನೆ ಬಂದೊಡನೆ ಕಲಸಿಹೋಗುತ್ತಿದ್ದರೆ ಅದು ಗ್ರಾಹಕ ಸರಿಪಡಿಸಲಾಗದ ದೋಷ, ಕಂಪನಿಯ ಹಂಚಿಕೆಯದು.

ಎಚ್‌ಡಿ ಎಂಬ ಹೆಸರು ಹೇಳುವುದು ಚಿತ್ರದಲ್ಲಿ ಎಷ್ಟು ಚೌಕಗಳಿವೆ ಎಂಬುದನ್ನಷ್ಟೇ. ಆ ಚೌಕಗಳನ್ನು ತುಂಬಲು ಎಷ್ಟು ಬಿಟ್ ಕೊಟ್ಟಿದ್ದಾರೆ ಎಂಬ, ನಿಜಕ್ಕೂ ಬೇಕಾದ ಅಂಕಿ ಪ್ಯಾಕ್‌ನ ಪಟ್ಟಿಯಲ್ಲಿ ಇರುವುದಿಲ್ಲ. ಚಾನೆಲ್‌ಗೆ ಇಷ್ಟು ರೂಪಾಯಿ ಎಂದು ಬರೆದಂತೆ ಇಷ್ಟು ಲಕ್ಷ ಬಿಟ್ ಎಂದೂ ಬರೆಯುವಂತಾದರೆ, ಇನ್ನೂರು ಚಾನೆಲ್ ಕಲಸಿದ ಚಿತ್ರದಲ್ಲಿ ಬೇಕೋ, ಇಪ್ಪತ್ತು ಚಾನೆಲ್ ತಿಳಿಯಾದ ಚಿತ್ರದಲ್ಲಿ ಬೇಕೋ ಎಂಬುದನ್ನು ಚಳ್ಳಕೆರೆ, ಮೊಳಕಾಲ್ಮೂರಿನ ಮನೆಗಳೇ ಲೆಕ್ಕ ಹಾಕಿ ತೀರ್ಮಾನಿಸಬಲ್ಲವು.